ಬಾಲಕ್ಕೆ ಎರಡು ಗಾಲಿ

ಹೋಯ್ಟನ ಪೆಟ್ರೋಲ್ ಬಂಕಿನ ಬಾಯಲ್ಲೇ ಒಂದು ತಗ್ಗು.
ನೆವಾಡಾದ ಈ ಬೋಳು ನೆಲಕ್ಕೆ ಮಳೆ
ವರ್ಷಕ್ಕೆರಡು ಸಲ; ಆ ನೀರು ಹರಿಯಲೆಂದು
ಯಾರೋ ತೋಡಿಸಿದ್ದು. ಉಳಿದ ದಿನವೆಲ್ಲ
ಅದು ನನಗೆ ಅನ್ನ ಹಾಕುತ್ತದೆ.

ಬನ್ನಿ, ಕಾಂಕ್ರೀಟಿನ ಮೇಲಿನ ಗೀರು ನೋಡಿ.
ಇದು ಚಳಿಗೆ ಹೆದರಿ ಅರಿಜೋನಾಕ್ಕೆ ಹೊರಟವರದು,
ಇದು ಅವರೇ ತಿರುಗಿ ಬಂದದ್ದು. ಆಳ ಹೆಚ್ಚು,
ಕೊಂಡ ಸಾಮಾನಿನ ಭಾರ.
ಈ ಸೊಟ್ಟ ಗೆರೆ ಮೊದಲ ಸಲ ಓಡಿಸಿದವನದು;
ಹೆದರಿ ನಡುವೆ ನಿಲ್ಲಿಸಿದ್ದಾನೆ, ಇಲ್ಲಿ.

ತಪ್ಪು ಯಾರದೂ ಅಲ್ಲ.
ಹಿಂದಿನ ಅಚ್ಚಿನಿಂದಾಚೆ ಹನ್ನೊಂದು ಅಡಿ ಬಾಲ;
ಮೂತಿ ದಿಬ್ಬ ಹತ್ತಿತೆಂದರೆ ಬಾಲ ಬಾಗಲೇಬೇಕು.
ಮುಂದೆ ಕೂತವನಿಗೆ ಆಗ ಕಾಣುವುದು ಆಕಾಶ.

ಬೆಸುಗೆಯವಳು ನಾನು, ಆರ್ಡಿತ್.
ಮಾರ್ಚಿನಲ್ಲಿ ಬಂದರು ಎಮೆರಿಕ್, ಓಡೀಲ್,
ಕ್ವಿಬೆಕ್‌ನವರು, ಮಾತಿನ ತುದಿಯನ್ನು
ಮೂಗಿನೊಳಗೆ ಮಡಿಸಿಡುವವರು.
ಆತ ಮೂವತ್ತೊಂದು ವರ್ಷ ಸ್ಕೂಲ್ ಬಸ್ ಓಡಿಸಿದವ.
“ಒಂದು ಮಗುವಿನ ಹಾಲುಹಲ್ಲೂ ಅಲುಗಿಸಿಲ್ಲ” ಎಂದ.
ಆಕೆ ನಕ್ಕಳು, ಒಂದು ಕೈ ಸೊಂಟದ ಮೇಲಿಟ್ಟು.

ಅಂಗಾತ ಮಲಗಿ ಮನೆಗಾಡಿಯ ಕೆಳಗೆ ತೂರಿದೆ.
ಕಕ್ಕಸಿನ ಕೊಳವೆಯ ಮೂತಿ ಕಿತ್ತುಹೋಗಿ
ನೈಲಾನ್ ಹಗ್ಗದಲ್ಲಿ ನೇತಾಡುತ್ತಿತ್ತು.
ಚಾಸಿಯ ತುದಿ ಉಜ್ಜಿ ಉಜ್ಜಿ ಕನ್ನಡಿಯಾಗಿ
ಅದರಲ್ಲಿ ನನ್ನದೇ ಅರ್ಧ ಮುಖ.

“ಒಂದು ಉಕ್ಕಿನ ಪಟ್ಟಿ ಹಾಕಿಬಿಡಿ, ಉಜ್ಜಿಕೊಳ್ಳಲಿ” ಎಂದ ಎಮೆರಿಕ್.
“ಗಾಲಿ” ಎಂದಳು ಓಡೀಲ್.
“ಉಜ್ಜುವುದು ಪಟ್ಟಿಗೆ. ನೋಯುವುದು ನನಗೆ.”

ಆಗ ಹೊಳೆಯಿತು: ಹಾಸಿಗೆ ಇರುವುದು ಬಾಲದಲ್ಲಿ.
ಬೆನ್ನುಹುರಿಯ ಎರಡು ಮಣಿ ಸವೆದ ಈಕೆ
ಗ್ಯಾಸ್ಪೆಯಿಂದ ಇಲ್ಲಿವರೆಗೂ ಮಲಗಿಯೇ ಬಂದಿದ್ದಾಳೆ.
ಪ್ರತಿ ಬಂಕಿನ ಬಾಯಿ, ಪ್ರತಿ ದೋಣಿಕಟ್ಟೆಯ ಇಳಿಜಾರು
ಮೊದಲು ಕಬ್ಬಿಣಕ್ಕೆ, ಆಮೇಲೆ ಪ್ಲೈವುಡ್ಡಿಗೆ,
ಆಮೇಲೆ ಅವಳಿಗೆ.

ಅಂಗೈ ಅಗಲದ ಎರಡು ಗಾಲಿ, ಗಟ್ಟಿ ಉಕ್ಕು,
ಗ್ರೀಸ್ ಕುಡಿಯಲು ಪುಟ್ಟ ತೊಟ್ಟು.
ಬಂಪರಿಗಲ್ಲ, ಬಂಪರು ಬರೀ ಮೀಸೆ.
ಅವುಗಳ ಕವಲನ್ನು ಚಾಸಿಯ ಎಲುಬಿಗೇ ಬೆಸೆದೆ.
ಸುಟ್ಟ ಬಣ್ಣದ ನಾತ, ತೋಳಿಗೆ ಹಾರಿದ ಕಿಡಿ.
ನೂರು ಮೈಲಿ ಗಾಳಿಯಲ್ಲೇ ಸುಮ್ಮನೆ ಹೋಗುವ ಗಾಲಿ ಇವು,
ನೆಲ ಮುಟ್ಟುವುದು ಅರೆಗಳಿಗೆ.
ಆ ಅರೆಗಳಿಗೆಗೆ ಇನ್ನೂರ ನಲವತ್ತು ಡಾಲರ್ ಕೇಳಿದೆ.
ಎಮೆರಿಕ್ ಚೌಕಾಸಿಗೆ ಬಾಯಿ ತೆರೆದ.
ಓಡೀಲ್ ಎಣಿಸಿ ಕೊಟ್ಟಳು.

ಆಮೇಲೆ ಬೀಗದ ಕೈಗೆ ಕೈ ಚಾಚಿದಳು.
“ಹತ್ತು ನಿಮಿಷ ಕೂರಬಲ್ಲೆ. ನೀನು ಹಿಂದೆ ಹೋಗಿ ಮಲಗು.”
“ಬೂಟು?”
“ಬಿಚ್ಚು.”
ನನ್ನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ:
“ಗಾಲಿ ಈಗ ಕಳಚಿ. ಮೊದಲ ಸುತ್ತಿಗೆ ಬೇಡ.”

ಪಿನ್ನು ಎಳೆದೆ. ಗಿರಾಕಿ ಹೇಳಿದಂತೆ.

ಗಾಡಿ ತಗ್ಗಿಗಿಳಿಯಿತು, ಮೂತಿ ಎತ್ತಿತು,
ಕರ್ರ್‌ರ್ ಎಂದು ಕಾಂಕ್ರೀಟು ಹಲ್ಲು ಕಡಿಯಿತು.
ಹಿಂಗಿಟಕಿಯ ಪರದೆ ನಡುಗಿತು. ಒಳಗಿನಿಂದ
ಒಂದು ಮಾತು, ಫ್ರೆಂಚಿನಲ್ಲಿ.
ನನಗೆ ಫ್ರೆಂಚ್ ಬರುವುದಿಲ್ಲ. ಬರಬೇಕಿರಲಿಲ್ಲ.

ಗಾಲಿ ತೊಡಿಸಿದೆ. ಎರಡನೆಯ ಸುತ್ತು.
ಗುಡುಗುಡು, ಅಷ್ಟೆ; ಆಚೆ ಓಣಿಯಲ್ಲಿ ಯಾರೋ
ಖಾಲಿ ಪೀಪಾಯಿ ಉರುಳಿಸಿದ ಹಾಗೆ.

ಅವನು ಇಳಿದು ಬರಲಿಲ್ಲ. ನಾನು ಬಾಗಿಲತ್ತ ನೋಡಿದೆ.
“ಇರಲಿ ಬಿಡಿ, ಮಲಗಿದ್ದಾನೆ” ಎಂದಳು.
“ಪಂಪಿನವರೆಗೆ ನಾನೇ.”
ಕತ್ತು ನೆಟ್ಟಗೆ, ತುಟಿ ಬಿಗಿ,
ಅಷ್ಟುದ್ದದ ಮನೆಯನ್ನು ಇರುವೆಯ ಹಾಗೆ ನಡೆಸಿಕೊಂಡು ಹೋದಳು.

ಸಂಜೆ ಪೊರಕೆ ಹಿಡಿದು ಬಂದ ಹೋಯ್ಟ್,
ಹೊಸ ಗೀರನ್ನು ಕಾಲಲ್ಲಿ ತೋರಿಸಿ
ಹದಿನಾಲ್ಕು ವರ್ಷದಿಂದ ಕೇಳುವುದನ್ನೇ ಕೇಳಿದ:
ಈ ತಗ್ಗು ಮುಚ್ಚಿಸಿಬಿಡಲೇ?

ಬೇಡ ಎಂದೆ, ಎಂದಿನ ಹಾಗೆಯೇ.
ಈ ಸಲ ತುಸು ತಡವಾಗಿ.